ಕ್ಯಾಲೆಂಡರಿನ ಸರೋವರಕ್ಕೆ ಒಂದು ಸೀಟು

ನನ್ನ ತಮ್ಮನಿಗೆ ಎರಡೇ ಕೆಲಸ ಗೊತ್ತು. ಹಗಲು ಗಡಿಯಾರ ರಿಪೇರಿ ಮಾಡುತ್ತಾನೆ, ಸಂಜೆ ವಿಮಾನ ಹಾರಿಸುತ್ತಾನೆ. ಗಡಿಯಾರ ನಿಜವಾದದ್ದು, ವಿಮಾನ ಕಂಪ್ಯೂಟರಿನೊಳಗಿನದು. ಎರಡನ್ನೂ ಒಂದೇ ಮುಖದಲ್ಲಿ ಮಾಡುತ್ತಾನೆ, ಹಲ್ಲುನೋವು ಬಂದವನ ಹಾಗೆ ದವಡೆ ಬಿಗಿದುಕೊಂಡು. ಅದು ಅವನ ಸಂತೋಷದ ಮುಖ ಎಂದು ಗೊತ್ತಿರುವುದು ನನಗೊಬ್ಬಳಿಗೇ, ಏಕೆಂದರೆ ಅವನನ್ನು ಎತ್ತಿ ಆಡಿಸಿದವಳು ನಾನು.

ಕೆಳಗೆ ಅಂಗಡಿ, ಮೇಲೆ ಮನೆ. ಗಿರಾಕಿಗಳ ಜೊತೆ ಮಾತಾಡುವುದು, ಚೌಕಾಸಿ ಮಾಡುವವರನ್ನು ದಬಾಯಿಸುವುದು, ಹೇಳಿದ ದಿನಕ್ಕೆ ಬರದವರಿಗೆ ಫೋನ್ ಮಾಡಿ ಬೈಯುವುದು, ಇವೆಲ್ಲ ನನ್ನ ಪಾಲು. ಅವನು ಹಿಂದಿನ ಮೇಜಿನ ಮುಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಾನೆ, ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೇನೋ ಅನ್ನುವ ಹಾಗೆ. ರಿಪೇರಿಯಾದ ಗೋಡೆ ಗಡಿಯಾರಗಳನ್ನು ಮೇಲಿನ ಹಜಾರದಲ್ಲಿ ತೂಗುಹಾಕಿ, ಒಂದಷ್ಟು ದಿನ ಓಡಿಸಿ ನೋಡಿಯೇ ಗಿರಾಕಿಗೆ ಕೊಡುವುದು ಅವನ ಪದ್ಧತಿ. ಅವನ್ನು ಯಾರೂ ಮುಟ್ಟುವಂತಿಲ್ಲ. ಧೂಳು ಹೊಡೆಯುವುದಕ್ಕೂ ನನಗೆ ಅಪ್ಪಣೆಯಿಲ್ಲ. ಯಾವಾಗ ನೋಡಿದರೂ ನಮ್ಮ ಗೋಡೆಗಳ ಮೇಲೆ ಹತ್ತಾರು ಪೆಂಡುಲಂಗಳು ಆಡುತ್ತಿರುತ್ತವೆ, ಗಂಟೆಗೊಮ್ಮೆ ಎಲ್ಲವೂ ಒಟ್ಟಿಗೆ ಬಾರಿಸುತ್ತವೆ. ಮನೆಗೆ ಹೊಸದಾಗಿ ಬಂದವರು ಕೂತಲ್ಲೇ ಹೌಹಾರುತ್ತಾರೆ.

ಹಜಾರಕ್ಕೆ ಅಂಟಿಕೊಂಡ ಒಳಕೋಣೆಯೇ ವಿಮಾನ. ಮೂರು ಹಳೆಯ ಸ್ಕ್ರೀನುಗಳು ಅರ್ಧಚಂದ್ರದ ಹಾಗೆ ನಿಂತಿವೆ. ಎದುರಿಗೆ ಗುಜರಿಯಿಂದ ತಂದ ಬಸ್ಸಿನ ಸೀಟು, ಇಬ್ಬರು ಕೂರುವಂಥದ್ದು, ಅದಕ್ಕೆ ಎರಡು ಬೆಲ್ಟು. ವೇಗ ಹೆಚ್ಚಿಸುವ ಹಿಡಿಯನ್ನು ಯಾವುದೋ ಗಡಿಯಾರದ ಹಿತ್ತಾಳೆ ತೂಕದಿಂದ ಅವನೇ ಮಾಡಿಕೊಂಡಿದ್ದಾನೆ. ಕ್ಯಾಪ್ಟನ್ ಎಂದು ನಾನು ಅವನನ್ನು ಕರೆಯುವುದು ಗೇಲಿಗೆ. ಅವನು ಅದನ್ನು ಮರ್ಯಾದೆ ಅಂದುಕೊಂಡಿದ್ದಾನೆ.

ಕ್ಯಾಪ್ಟನ್‌ಗೆ ಒಂದು ಹಟವಿದೆ. ವಿಮಾನ ಹಾರುವ ಊರಿನಲ್ಲಿ ನಿಜಕ್ಕೂ ರಾತ್ರಿಯಾದರೆ ಇವನ ಸ್ಕ್ರೀನಿನಲ್ಲೂ ರಾತ್ರಿಯೇ ಆಗಬೇಕು. ಅಲ್ಲಿಗೆ ತಲುಪಲು ಆರು ಗಂಟೆ ಬೇಕಿದ್ದರೆ ಇವನೂ ಆರು ಗಂಟೆ ಕೂರಬೇಕು. ಬೇಕಾದ ಹೊತ್ತಿಗೆ ಬೆಳಗು ಮಾಡಿಕೊಳ್ಳುವ ಸೌಲಭ್ಯ ಆ ಕಂಪ್ಯೂಟರಿನಲ್ಲಿದೆಯಂತೆ, ಮುಟ್ಟುವುದಿಲ್ಲ. ವಿಮಾನವನ್ನು ಇದ್ದಲ್ಲೇ ನಿಲ್ಲಿಸುವ ಗುಂಡಿಯೊಂದು ಕೀಬೋರ್ಡಿನ ಮೂಲೆಯಲ್ಲಿತ್ತು. ಅದನ್ನಂತೂ ಕಿತ್ತೇ ಬಿಸಾಡಿದ್ದಾನೆ, ಈಗ ಅಲ್ಲೊಂದು ಪುಟ್ಟ ತೂತು ಉಳಿದಿದೆ ಅಷ್ಟೇ. ಒಮ್ಮೆ ನಾನು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಕೂಗಿದಾಗ ಈ ಮಹಾರಾಯ ಒಳಗಿಂದಲೇ, "ಬಂದೆ ಅಕ್ಕ, ಇಳಿಸಿ ಬಂದೆ" ಎಂದಿದ್ದ. ಇಳಿಸಿ ಬರುವಷ್ಟರಲ್ಲಿ ನಾನೇ ಕುಂಟಿಕೊಂಡು ಹೋಗಿ ಎಣ್ಣೆ ಹಚ್ಚಿಕೊಂಡಾಗಿತ್ತು.

"ನಿಲ್ಲಿಸಿ ಬಂದಿದ್ರೆ ಏನಾಗ್ತಿತ್ತೋ ನಿಂಗೆ?"

"ಆಕಾಶದಲ್ಲಿ ಯಾರಾದ್ರೂ ನಿಲ್ತಾರಾ ಅಕ್ಕ?"

ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ? ಬಂದವರೂ ಉಳಿಯಲಿಲ್ಲ. ಒಬ್ಬಾಕೆಯನ್ನು ಬಸ್ಸಿನ ಸೀಟಿನಲ್ಲಿ ಕೂರಿಸಿಕೊಂಡು ಸಮುದ್ರದ ಮೇಲೆ ಹಾರಿಸಿದ. ಮೇಲೆ ನೀಲಿ, ಕೆಳಗೆ ನೀಲಿ. ದಡ ಕಾಣುವ ಮೊದಲೇ ಆಕೆ ಚಪ್ಪಲಿ ಮೆಟ್ಟಿಕೊಂಡಾಗಿತ್ತು. ಆಮೇಲೆ ಅವನು ನಲವತ್ತೈದು ದಾಟಿದ, ನಾನು ಆಸೆ ಬಿಟ್ಟೆ. ಇಡೀ ಬೀದಿಗೆ ನಾನು ಅಕ್ಕ, ಗಿರಾಕಿಗಳಿಗೆ ಮೇಡಂ, ಎದುರುಮನೆ ಮಕ್ಕಳಿಗೆ ಅಜ್ಜಿ. ಅತ್ತಿಗೆ ಎಂದು ಕರೆಯುವವರು ಮಾತ್ರ ಯಾರೂ ಇಲ್ಲ. ಹಾಗೆ ಕರೆಯಬೇಕಾದವಳು ಇವನ ಹೆಂಡತಿ. ಅವಳು ಹುಟ್ಟಿಯೇ ಇಲ್ಲವೇನೋ ಎಂದು ಸುಮ್ಮನಾಗಿದ್ದೆ.

ಅಷ್ಟರಲ್ಲಿ ಮನೆಯಲ್ಲಿ ಬ್ರೆಡ್ಡು ಹೆಚ್ಚಾಗತೊಡಗಿತು.

ನಾವಿಬ್ಬರು ಎರಡು ದಿನಕ್ಕೆ ಒಂದು ಬ್ರೆಡ್ಡು ತಿಂದರೆ ಹೆಚ್ಚು. ಇವನು ದಿನಕ್ಕೆ ಎರಡು ತರುತ್ತಿದ್ದ, ಕೆಲವು ದಿನ ಮೂರು. ಫ್ರಿಜ್ಜಿನ ಬಾಗಿಲು ತೆಗೆದರೆ ಬ್ರೆಡ್ಡು ಮೈಮೇಲೆ ಬೀಳುತ್ತಿತ್ತು. ಪಕ್ಕದ ಕನ್ನಡಕದ ಅಂಗಡಿಯವನನ್ನು ಹಿಡಿದು ಕೇಳಿದೆ. ಅವನಿಗೆ ಈ ಬೀದಿಯಲ್ಲಿ ಎಲ್ಲರ ಕಣ್ಣು ಎತ್ತ ನೋಡುತ್ತದೆ ಎನ್ನುವುದು ಗೊತ್ತು.

"ಹಿಂದಿನ ರಸ್ತೆ ಬೇಕರಿಯಾಕೆ ಅಕ್ಕ. ಗಡಿಯಾರ ಕೆಟ್ಟಿದೆ ಅಂತ ಕರೆಸಿದ್ರಂತೆ. ಅವತ್ತಿಂದ ಕ್ಯಾಪ್ಟನ್‌ಗೆ ಹಸಿವು ಜಾಸ್ತಿ."

ಬೇಕರಿಯಾಕೆಯನ್ನು ನಾನು ಬಲ್ಲೆ. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಒಬ್ಬಳೇ ನಡುರಾತ್ರಿ ಕಳೆಯುತ್ತಲೇ ಎದ್ದು ಹಿಟ್ಟು ನಾದುತ್ತಾಳೆ, ಬೆಳಕು ಹರಿಯುವ ಹೊತ್ತಿಗೆ ರಸ್ತೆಯೆಲ್ಲ ಘಮಘಮ ಎನ್ನುತ್ತದೆ. ಗಟ್ಟಿ ರಟ್ಟೆ, ಮೃದು ಮಾತು, ಲೆಕ್ಕದಲ್ಲಿ ಚುರುಕು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೂಡಲೇ ಹೆದರಿಕೆಯೂ ಆಯಿತು. ರಾತ್ರಿ ಊಟಕ್ಕೆ ಕೂತಾಗ ನೇರವಾಗಿಯೇ ಕೇಳಿದೆ. ಅವನು ಬ್ರೆಡ್ಡಿನ ತುಂಡು ತಟ್ಟೆಯಲ್ಲಿಟ್ಟು, ಭೂತಗನ್ನಡಿ ಇಲ್ಲದಿದ್ದರೂ ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ.

"ಅವ್ರು ಬೇಡ ಅಂದ್ರೆ ಅಕ್ಕ, ನಾನು ಇನ್ಯಾರನ್ನೂ ಕೇಳಲ್ಲ. ಇದೇ ಕೊನೆ."

ಅವನ ಜೀವನದಲ್ಲಿ ಒಂದೇ ಉಸಿರಿಗೆ ಅವನು ಆಡಿದ ಅತಿ ಉದ್ದದ ಮಾತು ಅದು.

ಕನ್ನಡಕದವನ ಮೂಲಕ ಮಾತು ಕಳಿಸಿದೆವು. ರಜೆಯ ದಿನ ಸಂಜೆ ಟೀಗೆ ಬರುತ್ತೇನೆ, ಮನೆ ನೋಡಿದ ಹಾಗೂ ಆಗುತ್ತದೆ, ಆಮೇಲೆ ಹೇಳುತ್ತೇನೆ ಎಂದಳಂತೆ. ಇವನಿಗೆ ನಾನು ವಾರವಿಡೀ ಪಾಠ ಹೇಳಿದೆ. ಅಂಗಿ ಇಸ್ತ್ರಿ ಮಾಡಿಕೋ. ಎರಡು ಮಾತಾಡು. ವಿಮಾನದ ಸುದ್ದಿ ಮಾತ್ರ ಎತ್ತಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

"ಎತ್ತಬೇಕು ಅಕ್ಕ. ಅವ್ರ ಬೇಕರೀಲಿ ಒಂದು ಕ್ಯಾಲೆಂಡರ್ ಇದೆ."

ಮೈದಾ ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರಂತೆ. ಹಿಮದ ಬೆಟ್ಟ, ಅದರ ಬುಡದಲ್ಲಿ ಸರೋವರ, ದಡದಲ್ಲಿ ಒಂದು ಸಣ್ಣ ಊರು. ವರ್ಷ ಮುಗಿದು ಎಷ್ಟೋ ಕಾಲವಾದರೂ ಆಕೆ ಅದನ್ನು ಗೋಡೆಯಿಂದ ತೆಗೆದಿಲ್ಲ. ದಿನಾ ಹಿಟ್ಟು ನಾದುವಾಗ ಅದನ್ನೇ ನೋಡುತ್ತಾಳಂತೆ. ಒಮ್ಮೆ ಅಲ್ಲಿಗೆ ಹೋಗಬೇಕು ಅಂತ ಆಸೆ, ಆದರೆ ಒಲೆ ಬಿಟ್ಟು ಎಲ್ಲಿಗೆ ಹೋಗಲಿ ಎಂದಿದ್ದಳಂತೆ. ಇವನು ಆ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಬಂದು, ಬೆಟ್ಟದ ಅಂಚನ್ನು ಸ್ಕ್ರೀನಿನ ಬೆಟ್ಟಗಳ ಜೊತೆ ಹೋಲಿಸಿ ನೋಡಿ ನೋಡಿ, ಭೂಮಿಯ ಆಚೆ ಬದಿಯಲ್ಲಿ ಅದೇ ಸರೋವರವನ್ನು ಹುಡುಕಿದ್ದ. ಹಾರಾಟವನ್ನು ನೇರವಾಗಿ ಅಲ್ಲಿಂದಲೇ ಶುರು ಮಾಡಬಹುದಿತ್ತು, ಹಾಗೆ ಮಾಡಿದರೆ ಇವನು ಇವನಾಗುತ್ತಾನೆಯೇ? ವಾರವಿಡೀ ಸಂಜೆ ಸಂಜೆ ಹಾರಿಸಿ, ಊರೂರಲ್ಲಿ ಇಳಿಸಿ, ಎಣ್ಣೆ ತುಂಬಿಸಿ, ವಿಮಾನವನ್ನು ಸರೋವರದ ಹತ್ತಿರದ ನಿಲ್ದಾಣಕ್ಕೆ ತಂದು ನಿಲ್ಲಿಸಿದ್ದ.

"ನಮಗೆ ಸಂಜೆ ಏಳು ಅಂದ್ರೆ ಅಲ್ಲಿ ಸೂರ್ಯ ಹುಟ್ಟೋ ಹೊತ್ತು. ಆರೂವರೆಗೆ ಬರೋಕೆ ಹೇಳಿದೀನಿ. ಹತ್ತಿ ಕೂತ್ರೆ ಸರಿಯಾಗಿ ಬೆಳಗಾಗೋವಾಗ ಸರೋವರದ ಮೇಲಿರ್ತೀವಿ."

ಅಳೆದೂ ಸುರಿದೂ ಮಾಡಿದ ಲೆಕ್ಕ. ಆದರೆ ಬೇಕರಿಯವರು ಯಾವುದಕ್ಕೂ ಹೇಳಿದ ಹೊತ್ತಿಗಿಂತ ಮೊದಲೇ ಹಾಜರಾಗುವ ಜನ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಆಕೆ ಬಾಗಿಲು ತಟ್ಟಿದಾಗ ಸಂಜೆ ಐದು. ನಾನು ಇನ್ನೂ ಹಳೇ ಸೀರೆಯಲ್ಲಿ ನೆಲ ಒರೆಸುತ್ತಿದ್ದೆ.

"ಬೇಗ ಬಂದ್ಬಿಟ್ಟೆ ಅನ್ಸುತ್ತೆ ಮೇಡಂ. ಅಭ್ಯಾಸ ನೋಡಿ. ಹಿಟ್ಟು ಯಾರಿಗೂ ಕಾಯಲ್ಲ."

ಒಳಗೆ ಕಾಲಿಡುವುದಕ್ಕೂ ಗೋಡೆಯ ಮೇಲಿನ ಅಷ್ಟೂ ಗಡಿಯಾರಗಳು ಢಣಢಣ ಎನ್ನುವುದಕ್ಕೂ ಸರಿಹೋಯಿತು. ಆಕೆ ಕೈಲಿದ್ದ ಕೇಕಿನ ಡಬ್ಬಿಯನ್ನು ಎದೆಗವಚಿಕೊಂಡು ನಿಂತಳು. ಬಾರಿಸಿ ಮುಗಿದ ಮೇಲೆ, "ಇವೆಲ್ಲ ನನ್ನ ಸ್ವಾಗತಕ್ಕಾ?" ಎಂದು ನಕ್ಕಳು. ಅಬ್ಬ, ನಗುವ ಹೆಣ್ಣು ಎಂದು ನನಗೆ ಅರ್ಧ ಜೀವ ಬಂತು.

ಉಳಿದರ್ಧ ಜೀವವನ್ನು ಇವನು ತೆಗೆದ. ಟೀ ಕುಡಿಯುವಷ್ಟು ಹೊತ್ತೂ ಮೇಜಿನ ಮೇಲಿನ ಬಿಸ್ಕತ್ತಿನ ತಟ್ಟೆಯನ್ನೇ ರಿಪೇರಿಗೆ ಬಂದ ವಸ್ತುವಿನ ಹಾಗೆ ನೋಡುತ್ತ ಕೂತ. ನಾನು ಹವಾಮಾನದ ಬಗ್ಗೆ ಮಾತಾಡಿದೆ, ಮೈದಾದ ಬಗ್ಗೆ ಮಾತಾಡಿದೆ, ಸಕ್ಕರೆಯ ಬಗ್ಗೂ ಮಾತಾಡಿದೆ. ಕೊನೆಗೆ ಆಕೆಯೇ ಒಳಕೋಣೆಯ ಕಡೆ ಕತ್ತು ಚಾಚಿದಳು.

"ಅದೇನಾ ನಿಮ್ಮ ವಿಮಾನ? ತೋರ್ಸಲ್ವಾ?"

"ಈಗ ಅಲ್ಲಿ ಕತ್ತಲೆ" ಎಂದ ಇವನು.

"ಕತ್ತಲೇಲಿ ಹಾರಲ್ವಾ?"

"ಹಾರುತ್ತೆ."

"ಮತ್ತೆ?"

ಇಬ್ಬರೂ ಬಸ್ಸಿನ ಸೀಟಿನಲ್ಲಿ ಕೂತರು. ಆಕೆ ಹೇಳಿಸಿಕೊಳ್ಳದೆಯೇ ಬೆಲ್ಟು ಹಾಕಿಕೊಂಡಳು. ಅದಕ್ಕೇ ಇವನು ಕರಗಿಹೋಗಿರಬೇಕು, ದವಡೆ ಇನ್ನಷ್ಟು ಬಿಗಿಯಿತು. ವಿಮಾನ ಗುರ್ರೆಂದು ಓಡಿ ಮೇಲೆದ್ದಿತು. ನಾನು ಬಾಗಿಲ ಸಂದಿಯಿಂದ ಇಣುಕಿದೆ. ಮೂರು ಸ್ಕ್ರೀನಿನ ತುಂಬ ಕಾಡಿಗೆ ಬಳಿದ ಹಾಗೆ ಕತ್ತಲೆ, ಅಲ್ಲಿ ಇಲ್ಲಿ ನಾಲ್ಕು ದೀಪ. ಇದನ್ನು ತೋರಿಸುವುದಕ್ಕೆ ಒಂದು ಹೆಣ್ಣನ್ನು ಮನೆಗೆ ಕರೆಸಬೇಕಿತ್ತೇ? ನನಗೆ ತಲೆ ಚಿಟ್ಟು ಹಿಡಿಯಿತು. ಬಿಸ್ಕತ್ತು ಕೊಡುವ ನೆಪದಲ್ಲಿ ಒಳಗೆ ಹೋಗಿ, ಅವನ ಕಿವಿಯ ಹತ್ತಿರ ಬಗ್ಗಿದೆ.

"ಬೆಳಗು ಮಾಡೋ."

"ಅದು ಸುಳ್ಳು ಬೆಳಗು ಅಕ್ಕ."

"ಸುಳ್ಳಾದ್ರೂ ಬೆಳಗು ತಾನೇ? ನಿನ್ನ ವಿಮಾನ ಏನು ಸತ್ಯಹರಿಶ್ಚಂದ್ರಂದಾ?"

ಆಕೆಗೆ ಕೇಳಿಸಿತ್ತು. "ಬೇಡ ಬಿಡಿ ಮೇಡಂ, ಚೆನ್ನಾಗಿದೆ" ಎಂದಳು. "ನನ್ನ ಕೆಲಸ ಎಲ್ಲ ಇದೇ ಕತ್ತಲೇಲೇ. ಆದ್ರೆ ಯಾವತ್ತೂ ಮೇಲಿಂದ ನೋಡಿರ್ಲಿಲ್ಲ." ಆಮೇಲೆ ಕೆಳಗಿನ ಒಂದು ದೀಪದ ಕಡೆ ಬೆರಳು ಮಾಡಿ ಇವನಿಗೆ ಹೇಳಿದಳು, "ಅದೊಂದು ಬೇಕರಿ ಇರ್ಬೇಕು ನೋಡಿ. ಈ ಹೊತ್ತಲ್ಲಿ ಇನ್ಯಾರು ದೀಪ ಹಾಕ್ತಾರೆ?"

"ಇರಬಹುದು" ಎಂದ ಇವನು. ಆಮೇಲೆ, ಯಾರೂ ಕೇಳದಿದ್ದರೂ, "ಅದರ ಮೇಲೆ ಒಂದು ಸುತ್ತು ಹಾಕೋಣ್ವಾ?" ಎಂದ.

ನಾನು ಅಡುಗೆಮನೆಗೆ ಬಂದು ಕೇಕು ಕತ್ತರಿಸತೊಡಗಿದೆ. ಆರು ಹೊಡೆಯಿತು. ಒಳಗಿಂದ ಆಗಾಗ ಆಕೆಯ ಮಾತು, ಒಮ್ಮೊಮ್ಮೆ, ನಂಬಿದರೆ ನಂಬಿ, ಇವನ ಮಾತು. ಓವನ್ನಿನ ಬಿಸಿ ಎಷ್ಟಿರಬೇಕು ಎಂದು ಇವನು ಕೇಳುತ್ತಿದ್ದ. ಆಮೇಲೆ ಮಾತು ನಿಂತಿತು. ಎಂಜಿನ್ನಿನ ಗುಂಯ್ ಮಾತ್ರ ಉಳಿಯಿತು. ಏನೋ ಎಡವಟ್ಟು ಮಾಡಿದ ಎಂದುಕೊಂಡು ತಟ್ಟೆ ಹಿಡಿದು ಹೋಗಿ ನೋಡಿದರೆ ಆಕೆ ನಿದ್ದೆ ಹೋಗಿದ್ದಾಳೆ!

ಕತ್ತು ಸೀಟಿನ ಅಂಚಿಗೆ ಒರಗಿದೆ, ಬಾಯಿ ಸ್ವಲ್ಪ ತೆರೆದಿದೆ, ಉಂಗುರವಿಲ್ಲದ ಕೈಗಳು ಮಡಿಲಲ್ಲಿ. ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಹಿಟ್ಟಿನ ಬಿಳುಪು. ದಿನಾ ನಡುರಾತ್ರಿ ಏಳುವ ಜೀವಕ್ಕೆ ಸಂಜೆ ಆರರ ಮೇಲೆ ಮಲಗುವ ಹೊತ್ತು. ಕತ್ತಲೆ, ಗುಂಯ್ ಅನ್ನುವ ಸದ್ದು, ಮೆತ್ತನೆ ಸೀಟು. ನಾನಾಗಿದ್ದರೂ ಮಲಗುತ್ತಿದ್ದೆ.

ಇವನು ಮಾತ್ರ ಮೊಟ್ಟೆಯ ಮೇಲೆ ಕೂತವನ ಹಾಗೆ ಕೂತಿದ್ದ. ವಿಮಾನವನ್ನು ಒಂದು ಚೂರೂ ವಾಲಿಸದೆ ಸರೋವರದ ಸುತ್ತ ದೊಡ್ಡ ದೊಡ್ಡ ಸುತ್ತು ಹಾಕುತ್ತಿದ್ದ.

"ಎಬ್ಬಿಸ್ಲಾ?" ಎಂದು ಸನ್ನೆ ಮಾಡಿದೆ.

ಬೇಡ ಎಂದು ತಲೆಯಾಡಿಸಿದ. ಆ ಮುಖ ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ. ಚಿಕ್ಕವನಿದ್ದಾಗ ಬೀದಿಯ ಬೆಕ್ಕೊಂದು ಬಂದು ತೊಡೆಯ ಮೇಲೆ ಮಲಗಿತೆಂದು ಶಾಲೆಗೇ ಹೋಗದೆ ಕೂತಿದ್ದ. ಅದೇ ಮುಖ.

ಹಜಾರಕ್ಕೆ ಬಂದು ಕೂತೆ. ತಲೆಯೆತ್ತಿದರೆ ಮುಳ್ಳುಗಳೆಲ್ಲ ಏಳರ ಹತ್ತಿರ ಬಂದಿವೆ. ಅಯ್ಯೋ ದೇವರೇ! ಎಲ್ಲ ಒಟ್ಟಿಗೆ ಏಳೇಳು ಸಲ ಬಾರಿಸಿದರೆ ಆಕೆ ಸೀಟಿನಿಂದ ಎಗರಿ ಬೀಳುವುದಿಲ್ಲವೇ? ಇಷ್ಟು ವರ್ಷ ಧೂಳಿನ ಬಟ್ಟೆಯನ್ನೂ ತಾಕಿಸದವಳು ನಾನು. ಅವುಗಳಲ್ಲಿ ಎರಡನ್ನು ಮರುದಿನವೇ ಗಿರಾಕಿಗೆ ಕೊಡಬೇಕಿತ್ತು. ನಿಂತರೆ ಪರೀಕ್ಷೆಯೆಲ್ಲ ನೀರಲ್ಲಿ ಹೋಮ, ಮತ್ತೆ ಮೊದಲಿಂದ ಓಡಿಸಬೇಕು.

ಆದದ್ದಾಗಲಿ ಎಂದು ಎದ್ದೆ. ಮೊದಲನೆಯದರ ಗಾಜಿನ ಬಾಗಿಲು ತೆಗೆದು ಪೆಂಡುಲಂ ಅನ್ನು ಎರಡು ಬೆರಳಲ್ಲಿ ಹಿಡಿದೆ. ಟಿಕ್ ಎಂದದ್ದು ಟಕ್ ಎನ್ನಲಿಲ್ಲ. ಎರಡನೆಯದು, ಮೂರನೆಯದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಳ್ಳಿಯ ಹಾಗೆ ತುದಿಗಾಲಲ್ಲಿ ಗೋಡೆಯಿಂದ ಗೋಡೆಗೆ ಓಡಾಡಿದೆ. ಕೊನೆಯದು ಬಾಗಿಲ ಮೇಲಿತ್ತು, ಎಟುಕಲಿಲ್ಲ. ಸ್ಟೂಲು ಎಳೆದರೆ ಸದ್ದಾದೀತೆಂದು ಎತ್ತಿ ತಂದು ಹತ್ತಿದೆ. ಬಾರಿಸುವ ಮೊದಲು ಗಡಿಯಾರಗಳು ಹೊಟ್ಟೆಯೊಳಗೆ ಕಟಕ್ ಎನ್ನುತ್ತವಲ್ಲ, ಅದು ಆಗಲೇ ಎಂದಾಗಿತ್ತು. ಉಸಿರು ಬಿಗಿಹಿಡಿದು ಅದನ್ನೂ ಹಿಡಿದೆ.

ಮನೆ ನಿಶ್ಶಬ್ದವಾಯಿತು. ನಮ್ಮಪ್ಪ ಈ ಅಂಗಡಿ ತೆರೆದಾಗಿನಿಂದ ಈ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

ಸ್ಟೂಲಿನ ಮೇಲಿಂದ ಒಳಕೋಣೆ ನೇರವಾಗಿ ಕಾಣುತ್ತಿತ್ತು. ಇವನಿಗೆ ಗೊತ್ತಾಗದೆ ಇರುತ್ತದೆಯೇ? ತಿರುಗಿದ. ನಿಂತ ಪೆಂಡುಲಂಗಳನ್ನು ಒಂದೊಂದಾಗಿ ನೋಡಿದ, ಸ್ಟೂಲಿನ ಮೇಲೆ ಕೈ ಎತ್ತಿ ನಿಂತ ನನ್ನನ್ನು ನೋಡಿದ. ಈಗ ಕೂಗುತ್ತಾನೆ ಅಂದುಕೊಂಡೆ. ಕೂಗಲಿಲ್ಲ, ಮತ್ತೆ ಸ್ಕ್ರೀನಿನ ಕಡೆ ತಿರುಗಿದ.

ಅಲ್ಲಿ ಕತ್ತಲೆ ತೆಳುವಾಗಿತ್ತು. ಬೆಟ್ಟದ ಅಂಚು ಬೂದಿ ಬಣ್ಣಕ್ಕೆ ತಿರುಗಿ, ಅದರ ಹಿಂದೆ ಕಿತ್ತಳೆ ಗೆರೆಯೊಂದು ಮೂಡುತ್ತಿತ್ತು. ಸರೋವರ ಆಗತಾನೆ ಕಣ್ಣು ಬಿಡುತ್ತಿತ್ತು. ಆಕೆ ದಿನಾ ಹಿಟ್ಟು ನಾದುತ್ತ ನೋಡಿದ್ದು ಇದನ್ನೇ. ವಾರವಿಡೀ ಇವನು ವಿಮಾನ ತಂದದ್ದು ಈ ಹೊತ್ತಿಗೇ. ಎಬ್ಬಿಸಿದರೆ ನಿದ್ದೆ ಹೋಗುತ್ತದೆ, ಬಿಟ್ಟರೆ ಸೂರ್ಯ ಹೋಗುತ್ತಾನೆ. ನಾನು ಸ್ಟೂಲು ಇಳಿದು ಬಾಗಿಲಿಗೆ ಬಂದೆ. ಇವನ ಹಣೆಯ ಮೇಲೆ ಬೆವರು.

ಆಕೆಯ ಕಡೆ ನೋಡಿದ. ಬೆಟ್ಟದ ಕಡೆ ನೋಡಿದ. ಅಂಗಿಯ ಜೇಬಿಗೆ ಕೈ ಹಾಕಿ, ಗಡಿಯಾರದ ತಿರುಪು ಎತ್ತುವ ತನ್ನ ಚಿಮಟವನ್ನು ತೆಗೆದ. ಕೀಬೋರ್ಡಿನ ಮೂಲೆಗೆ ಬಗ್ಗಿದ. ಕಿತ್ತು ಬಿಸಾಡಿದ ಗುಂಡಿಯ ಜಾಗದಲ್ಲಿ, ಆ ಪುಟ್ಟ ತೂತಿನೊಳಗೆ, ಚಿಮಟದ ತುದಿಯನ್ನು ಇಳಿಸಿ ಮೆಲ್ಲಗೆ ಒತ್ತಿದ.

ವಿಮಾನ ಆಕಾಶದಲ್ಲಿ ನಿಂತಿತು. ಸೂರ್ಯನೂ ಬೆಟ್ಟದ ಹಿಂದೆ ನಿಂತ.

ಅಕ್ಕ ಬಿದ್ದು ಕಾಲು ಉಳುಕಿಸಿಕೊಂಡರೂ ನಿಲ್ಲದ ವಿಮಾನ! ನನಗೆ ಕೋಪ ಬರಬೇಕಿತ್ತು. ಬದಲಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಇವನು ಇಷ್ಟೊಂದು ಆಸೆಪಟ್ಟಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಹಾರಿಸುವುದಕ್ಕೆ ಏನೂ ಇಲ್ಲದೆ ಇವನು ಕೈ ಕಟ್ಟಿ ಕೂತ. ನಾನು ಹೊಸ್ತಿಲ ಮೇಲೆ ಕೂತು ಕೇಕು ತಿಂದೆ. ಅವನಿಗೂ ಒಂದು ತುಂಡು ಕೊಟ್ಟೆ. ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ, ಹೇಳುವುದಕ್ಕೆ ಮನೆಯಲ್ಲಿ ಒಂದೂ ಗಡಿಯಾರ ಓಡುತ್ತಿರಲಿಲ್ಲ. ಹೊಟ್ಟೆಯೂ ಮನಸ್ಸೂ ತುಂಬಿ ನನಗೆ ಹಿತವಾಗಿತ್ತು ಎಂಬುದು ಮಾತ್ರ ಗೊತ್ತು.

ಆಕೆ ಕತ್ತು ತಿರುಗಿಸಿದಳು, ಕಣ್ಣು ಬಿಟ್ಟಳು, ಗಾಬರಿಯಾಗಿ ನೆಟ್ಟಗೆ ಕೂತಳು.

"ಅಯ್ಯೋ, ನಿದ್ದೆ ಬಂದ್ಬಿಡ್ತಲ್ಲ! ಎಷ್ಟೊತ್ತಾಯ್ತು?"

ಯಾರು ಯಾವಾಗ ಕೇಳಿದರೂ ಸೆಕೆಂಡಿನ ಸಮೇತ ಹೊತ್ತು ಹೇಳುವ ನನ್ನ ತಮ್ಮ, "ಹೊತ್ತೇನೂ ಆಗಿಲ್ಲ" ಎಂದ. "ಅಲ್ಲಿ ಇನ್ನೂ ಬೆಳಗಾಗ್ಬೇಕು. ನೋಡ್ತಿರಿ."

ಚಿಮಟ ಒತ್ತಿದ. ಎಂಜಿನ್ನು ಗುಂಯ್ ಎಂದಿತು. ಬೆಟ್ಟದ ಹಿಂದಿನಿಂದ ಸೂರ್ಯ ಎದ್ದ. ಹಿಮದ ತುದಿಗಳು ಒಂದೊಂದಾಗಿ ಬೆಂದ ಬ್ರೆಡ್ಡಿನ ಬಣ್ಣಕ್ಕೆ ತಿರುಗಿದವು, ಬೆಳಕು ಇಳಿದು ಬಂದು ಸರೋವರವನ್ನು ಮುಟ್ಟಿತು. ಆಕೆ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಗ್ಗಿದಳು.

"ಅದೇ! ಅದೇ ಊರು! ಕ್ಯಾಲೆಂಡರ್‌ನಲ್ಲಿ ಆ ದಡದಲ್ಲಿ ಒಂದು ಕೆಂಪು ದೋಣಿ ಇದೆ."

"ಇದ್ರಲ್ಲಿ ದೋಣಿ ಹಾಕಿಲ್ಲ" ಎಂದ ಇವನು, ತಾನೇ ಕದ್ದವನ ಹಾಗೆ.

"ಹೋಗ್ಲಿ ಬಿಡಿ. ಕ್ಯಾಲೆಂಡರ್‌ನಲ್ಲಿ ಬೆಟ್ಟದ ಆ ಕಡೆ ಏನಿದೆ ಅಂತ ಕಾಣ್ತಿರ್ಲಿಲ್ಲ. ಎಷ್ಟು ವರ್ಷದಿಂದ ಯೋಚ್ನೆ ಮಾಡ್ತಿದ್ದೆ ಗೊತ್ತಾ? ಹೋಗೋಣ್ವಾ?"

ಹೋದರು. ಬೆಟ್ಟದ ಆಚೆ ಇನ್ನೊಂದು ಸರೋವರವಿತ್ತು, ಮೊದಲನೆಯದಕ್ಕಿಂತ ಚಿಕ್ಕದು. ಆಕೆ ನಕ್ಕಳು. ಇವನೂ ಹಲ್ಲು ಬಿಟ್ಟ. ಅವನ ಹಲ್ಲು ಕಂಡು ನನಗೇ ಎಷ್ಟೋ ಕಾಲವಾಗಿತ್ತು.

ಇಳಿಸಿ ಆದ ಮೇಲೆ ಇಬ್ಬರೂ ಹಜಾರಕ್ಕೆ ಬಂದರು. ಹೊರಗೆ ನಮ್ಮ ಬೀದಿಯಲ್ಲಿ ದೀಪ ಹತ್ತಿತ್ತು. ಆಕೆ ಕತ್ತು ನೀವಿಕೊಳ್ಳುತ್ತ ಚಪ್ಪಲಿ ಹುಡುಕುತ್ತಿದ್ದವಳು ಗೋಡೆ ನೋಡಿ ನಿಂತಳು. ಅಷ್ಟೂ ಗಡಿಯಾರಗಳಲ್ಲಿ ಏಳಕ್ಕೆ ಸ್ವಲ್ಪ ಕಡಿಮೆ, ಅಷ್ಟೂ ಪೆಂಡುಲಂಗಳು ನೆಟ್ಟಗೆ. ಬಾಗಿಲ ಕೆಳಗೆ ನಾನು ಎತ್ತಿಡಲು ಮರೆತ ಸ್ಟೂಲು.

"ಇವೆಲ್ಲ ಯಾಕೆ ನಿಂತಿವೆ?"

ಇವನು ಬಿಸ್ಕತ್ತಿನ ತಟ್ಟೆ ನೋಡತೊಡಗಿದ. ಆಕೆ ಗೋಡೆಗಳನ್ನು ನೋಡಿದಳು, ಸ್ಟೂಲು ನೋಡಿದಳು, ಸೊಂಟಕ್ಕೆ ಸಿಕ್ಕಿಸಿದ್ದ ನನ್ನ ಸೆರಗು ನೋಡಿದಳು, ಇವನ ಜೇಬಿನಿಂದ ಇಣುಕುತ್ತಿದ್ದ ಚಿಮಟವನ್ನೂ ನೋಡಿದಳು. ಲೆಕ್ಕದಲ್ಲಿ ಚುರುಕು ಎಂದೆನಲ್ಲ. ಸಿಕ್ಕ ಚಪ್ಪಲಿಯನ್ನು ಮತ್ತೆ ಗೋಡೆಯ ಪಕ್ಕ ಜೋಡಿಸಿಟ್ಟಳು.

"ಎಲ್ಲಾನೂ ಮತ್ತೆ ಶುರು ಮಾಡೋಕೆ ತುಂಬ ಹೊತ್ತು ಬೇಕಾ ಅತ್ತಿಗೆ?"

ನನ್ನ ಕೈಲಿದ್ದ ತಟ್ಟೆ ಜಾರಿತು, ಹೇಗೋ ಹಿಡಿದುಕೊಂಡೆ. ತಮ್ಮನ ಕಡೆ ನೋಡಿದೆ. ಕಿವಿಯ ತನಕ ಕೆಂಪಾಗಿದ್ದ.

"ಬೇಕಮ್ಮ, ತುಂಬ ಹೊತ್ತು ಬೇಕು" ಎಂದೆ. "ಊಟ ಮಾಡ್ಕೊಂಡು ಹೋಗು. ಅಡುಗೆ ಏನೂ ಮಾಡಿಲ್ಲ, ಫ್ರಿಜ್ ತುಂಬ ನಿನ್ನ ಬ್ರೆಡ್ಡೇ ಇದೆ."

ಇವನು ಸ್ಟೂಲು ಹತ್ತಿ ಬಾಗಿಲ ಮೇಲಿನದರ ಮುಳ್ಳು ಸರಿಮಾಡಿದ. ಪಕ್ಕದ ಗಡಿಯಾರದ ಪೆಂಡುಲಂ ಅನ್ನು ಆಕೆಯ ಕೈಗೆ ಬಿಟ್ಟ. ಇಷ್ಟು ವರ್ಷ ನನಗೆ ಕೊಡದಿದ್ದ ಅಪ್ಪಣೆ! ನಾನು ಹೊಟ್ಟೆಗೆ ಹಾಕಿಕೊಂಡು ಒಲೆ ಹಚ್ಚಿದೆ. ಹಿಂದೆ ಹಜಾರದಲ್ಲಿ ಒಂದರ ಹಿಂದೆ ಒಂದು ಟಿಕ್ ಟಿಕ್ ಶುರುವಾಗುತ್ತಿತ್ತು.